ಕಂಬ ಹಿಡಿದು ತುಳಿ

ಪಾರ್ಸೆಲ್ ಬಿಚ್ಚುವಾಗ ಮನೆ ಮಾಲಕರ ಹೆಂಡತಿ ಕಾಕೂ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಒಳಗಿಂದ ಬಂದದ್ದು ಮೊಳದುದ್ದದ, ತೊಡೆ ದಪ್ಪದ ಕಪ್ಪು ಉರುಳೆ. ಮೈತುಂಬ ಗಟ್ಟಿ ಗಟ್ಟಿ ಗುಬಟು. "ಹೇ ಕಾಯ ಗಂ, ಏವಢಂ ಮೋಠಂ ಲಾಟಣಂ?" ಎಂದರು. ಇದೇನೇ, ಇಷ್ಟು ದೊಡ್ಡ ಲಟ್ಟಣಿಗೆ? ಇದು ಚಪಾತಿಗಲ್ಲ ಕಾಕೂ, ಕಾಲಿಗೆ, ಇದಕ್ಕೆ ಫೋಮ್ ರೋಲರ್ ಅಂತಾರೆ ಎಂದೆ. ಕಾಕೂ ಬಾಯಿಗೆ ಸೆರಗು ಹಿಡಿದು ನಕ್ಕರು. "ಅಂದರೆ ಕಾಲನ್ನೇ ಲಟ್ಟಿಸುತ್ತೀಯಾ?"

ಮುಂದಿನ ನಾಲ್ಕು ದಿನ ನಾನು ಮಾಡಿದ್ದು ಹೆಚ್ಚೂಕಡಿಮೆ ಅದನ್ನೇ.

ನಾನಿರುವುದು ಬಾರಾಮತಿಯಲ್ಲಿ. ಊರಲ್ಲಿ ಕೇಳಿದವರಿಗೆಲ್ಲ ನಮ್ಮವ್ವ "ಪುಣೇದಾಗ ಅದಾಳ" ಎಂದೇ ಹೇಳುತ್ತಾಳೆ. ಜಿಲ್ಲೆ ಪುಣೆಯೇ, ಸುಳ್ಳಲ್ಲ. ಆದರೆ ಪುಣೆ ನಗರ ಇಲ್ಲಿಂದ ನೂರು ಕಿಲೋಮೀಟರ್ ದೂರ. ಇಲ್ಲಿರುವುದು ಕಬ್ಬು, ಕರ್ಹಾ ನದಿ, ನೀರಾ ಎಡದಂಡೆ ಕಾಲುವೆ, ಊರ ಹೊರಗೆ ಎಂಐಡಿಸಿ. ಸ್ಕೂಟರು, ಮೂರು ಚಕ್ರದ ಗಾಡಿ, ಕಾಯಿಸಿ ಬಡಿದ ಕಬ್ಬಿಣದ ಬಿಡಿಭಾಗ, ಚಾಕಲೇಟು, ಚೀಸು, ಎಲ್ಲವೂ ಈ ಬಯಲಲ್ಲೇ ತಯಾರಾಗುತ್ತವೆ. ಅಂಥದೊಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುವುದು ನನ್ನ ಕೆಲಸ. ಕ್ಯಾಲಿಪರ್ ಹಿಡಿದು, ಸೇಫ್ಟಿ ಶೂ ಹಾಕಿಕೊಂಡು, ಕಾಂಕ್ರೀಟು ನೆಲದ ಮೇಲೆ ಎಂಟು ತಾಸು ನಿಲ್ಲಬೇಕು. ಊರಿಗೆ ಹೋಗಬೇಕೆಂದರೆ ಇಂದಾಪುರ, ಅಲ್ಲಿಂದ ಸೊಲ್ಲಾಪುರ, ಅಲ್ಲಿಂದ ಇಂಡಿ. ಹೀಗಾಗಿ ಹಬ್ಬಕ್ಕಷ್ಟೇ ಹೋಗುತ್ತೇನೆ.

ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಲೈನಿನ ಹುಡುಗಿಯರೆಲ್ಲ ಸೇರಿ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟೆವು. ಬೆಳಿಗ್ಗೆ ಐದೂವರೆಗೆ ಕಾಲುವೆ ದಂಡೆಯ ಮೇಲೆ ಓಟ, ಎಂಟಕ್ಕೆ ಶಿಫ್ಟು. ಮೂರನೆಯ ವಾರಕ್ಕೆ ಎರಡೂ ತೊಡೆಯ ಹೊರಮಗ್ಗುಲು ಬಿಗಿದ ಹಗ್ಗದಂತಾದವು. ಜೊತೆಗಾತಿಯೊಬ್ಬಳು ರೋಲರ್ ತರಿಸು ಎಂದಳು. ಮೊಬೈಲಿನಲ್ಲಿ ನೋಡಿದ ವಿಡಿಯೋಗಳಲ್ಲಿ ಸ್ನಾಯುವಿನ ಗಂಟು 'ಒಡೆಯಬೇಕು', ನೋವಾದರೆ ಕೆಲಸ ನಡೆಯುತ್ತಿದೆ ಎಂದು ಅರ್ಥ ಎನ್ನುತ್ತಿದ್ದರು. ಇದ್ದುದರಲ್ಲೇ ಗಟ್ಟಿಯಾದದ್ದನ್ನು, ಗುಬಟು ಇದ್ದದ್ದನ್ನು ಆರಿಸಿದೆ. ಕಹಿಯಾದರೇನೇ ಔಷಧ ಎಂದು ನಂಬಿ ಬೆಳೆದವರು ನಾವು.

ಮಗ್ಗುಲಾಗಿ ಮಲಗಿ, ತೊಡೆಯ ಕೆಳಗೆ ಉರುಳೆ ಇಟ್ಟು, ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಪೇರಿಸಿ, ನನ್ನ 58 ಕಿಲೋದ ದೊಡ್ಡ ಪಾಲನ್ನು ಅಂಗೈಯಗಲದ ಜಾಗಕ್ಕೆ ಹಾಕಿದೆ. ಕಣ್ಣಲ್ಲಿ ನೀರು ಬಂತು. ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಹಿಂದೆ ಮುಂದೆ ಉರುಳಿದೆ. ಒಂದೊಂದು ಕಾಲಿಗೆ ಹತ್ತು ನಿಮಿಷ. ಮರುದಿನ ನೋವು ಹೆಚ್ಚಾಯಿತು. ಹೆಚ್ಚಾಗಿದೆ ಅಂದರೆ ಗಂಟು ಇನ್ನೂ ಇದೆ ಎಂದುಕೊಂಡು ಮತ್ತೆ ಉರುಳಿದೆ. ನಾಲ್ಕನೆಯ ದಿನ ಸ್ನಾನಕ್ಕೆ ಹೋದಾಗ ನೋಡಿದರೆ ತೊಡೆಯ ಹೊರಗೆ ಅಂಗೈ ಅಗಲ ನೇರಳೆ ಹಣ್ಣಿನ ಬಣ್ಣ. ಅಂದು ಲೈನಿನಲ್ಲಿ ಕುಂಟುತ್ತ ನಿಂತೆ. ಓಟಕ್ಕೆ ಹೋಗಲಿಲ್ಲ.

*

ಭಿಗವಣ ರಸ್ತೆಯ ಕಡೆ ಫಿಜಿಯೋಥೆರಪಿ ಮಾಡುವ ಒಬ್ಬ ಮ್ಯಾಡಮ್ ಇದ್ದಾರೆಂದು ಕಾಕೂ ಕಳಿಸಿದರು. ಮ್ಯಾಡಮ್ ನನ್ನ ತೊಡೆ ನೋಡಿದರು. ಬೈಯಲಿಲ್ಲ. ಯಾವುದೋ ಲಾರಿ ಹಾಯ್ದವರನ್ನು ಕೇಳುವಂತೆ, "ಹೇಗೆ ಮಾಡಿಕೊಂಡಿ?" ಎಂದು ಕೇಳಿದರು. ತೋರಿಸಿದೆ. ಆಮೇಲೆ ಮೆತ್ತನೆಯ, ನುಣುಪಾದ ಒಂದು ಉರುಳೆ ತಂದು ಗೋಡೆಗೂ ನನ್ನ ಕಾಲಿಗೂ ನಡುವೆ ಇಟ್ಟರು. ಮಲಗಬೇಡ, ನಿಂತುಕೊಂಡೇ ಗೋಡೆಗೆ ಒರಗು ಎಂದರು. ಹೆಚ್ಚು ಬೇಕೆಂದರೆ ಪಾದ ದೂರ ಇಡು, ಕಡಿಮೆ ಬೇಕೆಂದರೆ ಹತ್ತಿರ ಇಡು. ನಾನು ಒರಗಿದಾಗ ಕೇಳಿದರು, "ದುಖತಂಯ ಕೀ ಬರಂ ವಾಟತಂಯ?" ನೋಯುತ್ತಿದೆಯೋ, ಹಿತವಾಗುತ್ತಿದೆಯೋ?

ಎರಡೂ ಅಲ್ಲ, ನಡುವೆ ಎಲ್ಲೋ ಇದೆ ಎಂದೆ.

"ಆ ನಡುವೆಯೇ ಇರು" ಎಂದರು.

ಅವರು ಹೇಳಿಕೊಟ್ಟ ಲೆಕ್ಕ ಸರಳವಾಗಿತ್ತು. ಏನೂ ಇಲ್ಲ ಎಂಬುದಕ್ಕೆ ಸೊನ್ನೆ, ತಡೆಯಲಾಗದ ನೋವಿಗೆ ಹತ್ತು. ಐದು ಆರರ ಆಚೆ ಹೋಗಬಾರದು. ಅಂಕೆ ಹೇಳಲು ಬಾರದಿದ್ದರೆ ಮಾತಾಡುತ್ತ ಉರುಳಬೇಕು. ಮಾತು ತುಂಡಾದರೆ, ಉಸಿರು ಹಿಡಿದರೆ, ಮುಖ ಗಂಟಾದರೆ ಭಾರ ಹೆಚ್ಚಾಯಿತು ಎಂದು ತಿಳಿಯಬೇಕು. ಹಾಗಾದಾಗ ಸ್ನಾಯು ಸಡಿಲಾಗುವುದಿಲ್ಲ, ಹೊಡೆತ ತಪ್ಪಿಸಿಕೊಳ್ಳುವಂತೆ ಇನ್ನಷ್ಟು ಬಿಗಿಯುತ್ತದೆ. ಮಂದವಾದ ನೋವು ಪರವಾಗಿಲ್ಲ. ಚುಚ್ಚಿದಂತೆ, ಕರೆಂಟು ಹರಿದಂತೆ, ಜೋಮು ಹಿಡಿದಂತೆ ಆದರೆ ಅಲ್ಲಿ ನರ ಇದೆ, ಕೂಡಲೇ ಬಿಡಬೇಕು. ಮಂಡಿಯ ಹೊರಗೆ ಸ್ವಲ್ಪ ಕೆಳಗೆ ಕೈಗೆ ಸಿಗುವ ಎಲುಬಿನ ಗುಬ್ಬಿಯನ್ನು ಮುಟ್ಟಿ ತೋರಿಸಿದರು. ಅದನ್ನು ಬಳಸಿಕೊಂಡು ಹೋಗುವ ನರಕ್ಕೆ ಮೇಲೆ ತೊಗಲು ಬಿಟ್ಟರೆ ಹೆಚ್ಚಿನ ರಕ್ಷಣೆ ಇಲ್ಲ. ಅದು ನಲುಗಿದರೆ ಪಾದ ಎತ್ತಲು ಬಾರದಂತಾಗಬಹುದು. ಮಂಡಿಯ ಹಿಂದಿನ ಕುಣಿ, ಕುತ್ತಿಗೆಯ ಮುಂಭಾಗ, ಹೊಟ್ಟೆ, ಸೊಂಟದ ಬೆನ್ನೆಲುಬು, ಯಾವುದೇ ಎಲುಬಿನ ಮೇಲೆ ನೇರವಾಗಿ, ಇಲ್ಲೆಲ್ಲ ಉರುಳೆ ಬೇಡ.

"ಆ ಗಂಟು ಒಡೆಯೋದು?" ಎಂದು ಕೇಳಿದೆ.

ಮ್ಯಾಡಮ್ ನಕ್ಕರು. ತೊಡೆಯ ಹೊರಗೆ ಸೊಂಟದಿಂದ ಮಂಡಿಯವರೆಗೆ ಇರುವ ಪಟ್ಟಿ ಎಷ್ಟು ಗಟ್ಟಿ ಎಂದರೆ ಮನುಷ್ಯರ ಕೈಯಾಗಲಿ, ಮೈಭಾರವಾಗಲಿ ಅದನ್ನು ಹಿಗ್ಗಿಸಲಾರದು ಎಂದರು. ಆಮೇಲೆ ನಾನೇ ಹುಡುಕಿ ಓದಿದೆ. 2008ರಲ್ಲಿ ಅಮೆರಿಕದ ಸಂಶೋಧಕರು ಗಣಿತದ ಮಾದರಿ ಕಟ್ಟಿ ನೋಡಿದ್ದರು. ಆ ಪಟ್ಟಿಯನ್ನಾಗಲಿ, ಅಂಗಾಲಿನ ಗಟ್ಟಿ ಪೊರೆಯನ್ನಾಗಲಿ ಬರೀ ನೂರಕ್ಕೆ ಒಂದರಷ್ಟು ಒತ್ತಿ ಕುಗ್ಗಿಸಲು ಬೇಕಾಗುವ ಬಲ ಮನುಷ್ಯರ ಮೈ ತಾಳುವ ಮಿತಿಯನ್ನೇ ದಾಟುತ್ತದೆ ಎಂದು ಅವರ ಲೆಕ್ಕ. ಅಂದರೆ ನಾನು ಒಡೆದದ್ದು ಗಂಟನ್ನಲ್ಲ, ತೊಗಲ ಕೆಳಗಿನ ಸಣ್ಣ ಸಣ್ಣ ರಕ್ತನಾಳಗಳನ್ನು.

ಹಾಗಾದರೆ ಉರುಳೆಯಿಂದ ಏನೂ ಆಗುವುದಿಲ್ಲವೇ? ಆಗುತ್ತದೆ, ಜಾಹೀರಾತು ಹೇಳುವಷ್ಟಲ್ಲ. 2019ರಲ್ಲಿ ಜರ್ಮನಿಯವರು 21 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ವ್ಯಾಯಾಮಕ್ಕೆ ಮುಂಚೆ ಉರುಳಿದವರ ಮೈ ಬಾಗುವಿಕೆ ಸರಾಸರಿ ಶೇಕಡಾ 4ರಷ್ಟು ಹೆಚ್ಚಿತ್ತು, ವ್ಯಾಯಾಮದ ನಂತರ ಉರುಳಿದವರಿಗೆ ಸ್ನಾಯು ನೋವು ಶೇಕಡಾ 6ರಷ್ಟು ಕಡಿಮೆ ಅನ್ನಿಸಿತ್ತು. ಅಷ್ಟೇ. ಆದರೆ ಎಂಟು ತಾಸು ನಿಂತ ಕಾಲಿಗೆ ಆ ಆರೂ ಸಣ್ಣದಲ್ಲ. ನನಗೆ ಹೆಚ್ಚು ಬೇಕಾದ ಉತ್ತರ ಸಿಕ್ಕಿದ್ದು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೆಮೋರಿಯಲ್ ವಿಶ್ವವಿದ್ಯಾಲಯದವರ 2018ರ ಪ್ರಯೋಗದಲ್ಲಿ. ತೊಡೆಯ ಮುಂಭಾಗದ ಮೇಲೆ ಮೂರು ಬೇರೆ ಬೇರೆ ಭಾರದಲ್ಲಿ ಉರುಳೆ ಆಡಿಸಿದರು. ನೋವಿನ ಅಳತೆಯಲ್ಲಿ ಹತ್ತಕ್ಕೆ ಸುಮಾರು 4, 6 ಮತ್ತು 8. ಮೂರರಲ್ಲೂ ಮಂಡಿ ಬಾಗುವಿಕೆ ಸುಧಾರಿಸಿತು, ಎಂಟರವರಿಗೆ ನಾಲ್ಕರವರಿಗಿಂತ ಹೆಚ್ಚೇನೂ ಸಿಗಲಿಲ್ಲ. ಹೆಚ್ಚುವರಿ ನೋವು ಬರೀ ನೋವು. ಒಂದು ಕಾಲನ್ನು ಉರುಳಿದರೆ ಇನ್ನೊಂದು ಕಾಲಿನ ನೋವೂ ಸ್ವಲ್ಪ ತಗ್ಗುತ್ತದೆ ಎಂದೂ ಇಂಥ ಪ್ರಯೋಗಗಳಲ್ಲಿ ಕಂಡಿದೆ. ಮುಟ್ಟದ ಕಾಲೂ ಹಗುರಾಗುವುದಾದರೆ, ಕೆಲಸ ನಡೆಯುವುದು ಬರೀ ಮಾಂಸದಲ್ಲಲ್ಲ, ನೋವನ್ನು ಎಣಿಸುವ ನರಮಂಡಲದಲ್ಲಿ. ಆ ನರಮಂಡಲವನ್ನು ಹೆದರಿಸಿ ಕೆಲಸ ಮಾಡಿಸಲು ಆಗುವುದಿಲ್ಲ.

ಹೊರಡುವಾಗ ಮ್ಯಾಡಮ್ ಇನ್ನೊಂದು ಮಾತು ಹೇಳಿದರು. ಆ ದಿನ ಅದು ನನಗೆ ಸಂಬಂಧವಿಲ್ಲದ್ದು ಅನ್ನಿಸಿತ್ತು. "ಒಂದೇ ಕಾಲು ಬಾತು, ಬೆಚ್ಚಗಿದ್ದು, ಮೀನಖಂಡ ನೋಯುತ್ತಿದ್ದರೆ, ನಿನ್ನದಿರಲಿ, ಯಾರದೇ ಇರಲಿ, ಒತ್ತಬೇಡ. ಮೊದಲು ಡಾಕ್ಟರಿಗೆ ತೋರಿಸು."

*

ಆ ರಾತ್ರಿ ಗೋಡೆಗೆ ಒರಗಿ ಉರುಳೆ ಆಡಿಸುತ್ತಿದ್ದಾಗ, ಪಾದ ಹತ್ತಿರ ದೂರ ಮಾಡುತ್ತ ಭಾರ ಹೊಂದಿಸುತ್ತಿದ್ದಾಗ, ಇದು ನನಗೆ ಗೊತ್ತಿರುವ ಕೆಲಸ ಅನ್ನಿಸಿತು. ಗೊತ್ತಿದ್ದದ್ದು ಬೇರೆ ತುದಿಯಿಂದ.

ನಮ್ಮಪ್ಪ ಮದುವೆಗೆ ಮುಂಚೆ ಗರಡಿ ಮನೆಯಲ್ಲಿ ಸಾಮು ಮಾಡಿದವನು. ಊರ ಜಾತ್ರೆಯಲ್ಲಿ ಒಂದೆರಡು ಬೆಳ್ಳಿ ಕಡಗ ಗೆದ್ದದ್ದೂ ಉಂಟು. ಆಮೇಲೆ ಹೊಲವೇ ಗರಡಿ. ಬಿಳಿಜೋಳದ ಸುಗ್ಗಿಯಲ್ಲಿ ದಿನವಿಡೀ ಕಿತ್ತು, ಸಿವುಡು ಕಟ್ಟಿ ಬಂದ ಸಂಜೆ, ಪಡಸಾಲೆಯಲ್ಲಿ ಜಮಖಾನೆ ಹಾಸಿ ಬೋರಲು ಬೀಳುತ್ತಿದ್ದ. "ಯಾರರ ಬರ್ರಿ, ತುಳೀರಿ" ಎನ್ನುತ್ತಿದ್ದ. ನಾವು ಮೂವರು ಮಕ್ಕಳು. ಯಾರು ಎಲ್ಲಿ ತುಳಿಯಬೇಕು ಎಂಬುದಕ್ಕೆ ಕಾಯಿದೆ ಇತ್ತು. ಅಣ್ಣ ದೊಡ್ಡವನು, ಭಾರ. ಅವನಿಗೆ ತೊಡೆ ಮಾತ್ರ, ಅದೂ ಒಂದೇ ಕಾಲು ಇಟ್ಟು. ನಾನು ನಡುವಿನವಳು, ನನಗೆ ತೊಡೆ ಮತ್ತು ಮೀನಖಂಡ. ತಮ್ಮ ಸಣ್ಣವನು, ಅವನು ಬೆನ್ನಿನ ಮೇಲೆ ಎರಡೂ ಕಾಲಿಟ್ಟು ನಡೆಯಬಹುದಿತ್ತು. ವರ್ಷ ಕಳೆದಂತೆ ನಮ್ಮ ಭಾರ ಏರಿ, ಒಬ್ಬೊಬ್ಬರೇ ಬೆನ್ನಿನಿಂದ ತೊಡೆಗೆ, ತೊಡೆಯಿಂದ ನೆಲಕ್ಕೆ ಇಳಿದೆವು.

ತುಳಿಯುವ ಜಾಗ ಯಾವಾಗಲೂ ಪಡಸಾಲೆಯ ಕಂಬದ ಪಕ್ಕ. "ಕಂಬಾ ಹಿಡಕೊಂಡು ತುಳಿ, ಯವ್ವಾ. ಭಾರ ಎಲ್ಲಾ ನನ್ನ ಮ್ಯಾಲ ಹಾಕಬ್ಯಾಡ" ಎನ್ನುತ್ತಿದ್ದ. ಕಂಬ ತಬ್ಬಿದರೆ ನಾನು ಬೆಕ್ಕಿನಷ್ಟು ಹಗುರ, ಕೈ ಸಡಿಲಿಸಿದರೆ ಇಡೀ ಹುಡುಗಿ. "ಹಿಮ್ಮಡಿ ಊರಬ್ಯಾಡ, ಅಂಗಾಲ ಇಡು." ಅದರ ಕಾರಣ ಎಂಟನೆಯ ತರಗತಿಯ ವಿಜ್ಞಾನದ ಪುಸ್ತಕದಲ್ಲಿ ಸಿಕ್ಕಿತು. ಹತ್ತು ಕಿಲೋ ಭಾರ ನೂರು ಚದರ ಸೆಂಟಿಮೀಟರ್ ಅಂಗಾಲಿನಲ್ಲಿ ಹರಡಿದರೆ ಒಂದೊಂದು ಚದರ ಸೆಂಟಿಮೀಟರಿಗೆ ನೂರು ಗ್ರಾಂ. ಅದೇ ಹತ್ತು ಕಿಲೋ ಹತ್ತು ಚದರ ಸೆಂಟಿಮೀಟರ್ ಹಿಮ್ಮಡಿಯಲ್ಲಿ ನಿಂತರೆ ಒಂದು ಕಿಲೋ. ಭಾರ ಅದೇ, ಒತ್ತಡ ಹತ್ತು ಪಟ್ಟು. ನನ್ನ ಗುಬಟಿನ ಉರುಳೆ ಇಡೀ ಹಿಮ್ಮಡಿಗಳಿಂದಲೇ ಮಾಡಿದ್ದು ಎಂದು ಆ ರಾತ್ರಿ ಹೊಳೆಯಿತು.

ಮಂಡಿ ಹಿಂದಿನ ಕುಣಿಯಲ್ಲಿ ಕಾಲಿಡುವಂತಿರಲಿಲ್ಲ. ಬೆನ್ನಿನ ಕೋಲಿನ ಮೇಲೂ ಇಲ್ಲ, ಅದರ ಆಚೆ ಈಚೆ ಮಾತ್ರ. ಇದನ್ನೆಲ್ಲ ಅಪ್ಪನಿಗೆ ಕಲಿಸಿದ್ದು ಗರಡಿಯ ಉಸ್ತಾದ. ಅಲ್ಲಿ ಸಾಮು ಮುಗಿದ ಮೇಲೆ ಒಬ್ಬರಿಗೊಬ್ಬರು ಎಣ್ಣೆ ಹಚ್ಚಿ ಮಾಲೀಸು ಮಾಡಬೇಕು. ಕುಸ್ತಿಯಲ್ಲಿ ಎದುರಾಳಿಯನ್ನು ಕೆಡವುವ ಕೈಯೇ ಮಾಲೀಸಿನಲ್ಲಿ ಅವನ ಮೈಯನ್ನು ಕೇಳಿಕೊಂಡು ನಡೆಯಬೇಕು. ತುಳಿಯುವಾಗ ಅಪ್ಪ ಮಾತಾಡುತ್ತಲೇ ಇರುತ್ತಿದ್ದ. ಯಾರ ಹೊಲದಲ್ಲಿ ಎಷ್ಟು ಚೀಲ ಆಯಿತು, ಯಾರ ಎತ್ತು ಕುಂಟುತ್ತಿದೆ. ಮಾತು ನಿಂತರೆ ನಾವು ಕಂಬವನ್ನು ಗಟ್ಟಿಯಾಗಿ ಹಿಡಿಯುತ್ತಿದ್ದೆವು. ಇಳಿದ ಮೇಲೆ, ಹಿರಿಯರ ಮೈಗೆ ಕಾಲು ತಾಗಿಸಿದ್ದಕ್ಕೆ ಅವನ ಪಾದ ಮುಟ್ಟಿ ನಮಸ್ಕಾರ ಮಾಡಬೇಕು. ಒಮ್ಮೊಮ್ಮೆ ಅಷ್ಟರಲ್ಲಿ ಅವನಿಗೆ ನಿದ್ದೆ ಬಂದಿರುತ್ತಿತ್ತು.

ನನಗೆ ಹನ್ನೆರಡು ತುಂಬಿದ ವರ್ಷ ಅಮ್ಮ, ಅಂದರೆ ಅಪ್ಪನ ತಾಯಿ, "ಹುಡುಗಿ ಬೆಳದಾಳ, ಇನ್ನ ಸಾಕು" ಎಂದಳು. ಮರುದಿನದಿಂದ ನನ್ನನ್ನು ಕರೆಯಲಿಲ್ಲ. ಬೇಸರವಾಯಿತೆಂದು ಯಾರಿಗೂ ಹೇಳಲಿಲ್ಲ. ಅಲ್ಲಿಂದ ಮುಂದೆ ಅಪ್ಪನ ಮೈಯನ್ನು ನಾನು ಮುಟ್ಟಿದ್ದೆಂದರೆ ಹಬ್ಬದ ನಮಸ್ಕಾರದಲ್ಲಿ, ಪಾದಕ್ಕೆ, ಬೆರಳ ತುದಿಯಿಂದ.

*

ಅದೇ ವರ್ಷ ಆಷಾಢದಲ್ಲಿ ಅಪ್ಪ ಬಾರಾಮತಿಗೆ ಬಂದ. ತುಕಾರಾಮ ಮಹಾರಾಜರ ಪಾಲಖಿ ದೇಹೂವಿನಿಂದ ಪಂಢರಪುರಕ್ಕೆ ಹೋಗುವಾಗ ಪ್ರತಿ ವರ್ಷ ಬಾರಾಮತಿಯಲ್ಲಿ ವಸತಿ ಮಾಡುತ್ತದೆ. ಮರುದಿನ ಕಾಟೇವಾಡಿಯಲ್ಲಿ ಪಾಲಖಿಗೆ ಧೋತರ ಹಾಸುತ್ತಾರೆ, ಕುರಿಗಳ ಹಿಂಡು ಪಾಲಖಿಯ ಸುತ್ತ ಓಡುತ್ತದೆ. ಅದನ್ನು ನೋಡಬೇಕೆಂದು ಅಪ್ಪನಿಗೆ ಬಹಳ ದಿನದ ಆಸೆ. ನಮ್ಮ ಕಡೆಯಿಂದಲೂ ದಿಂಡಿಗಳು ಪಂಢರಪುರಕ್ಕೆ ನಡೆಯುತ್ತವೆ. ಜ್ಞಾನೇಶ್ವರರೇ ವಿಠ್ಠಲನನ್ನು ಕರ್ನಾಟಕದವನೆಂದು ಕರೆದಿರುವಾಗ ನಮ್ಮವರಿಗೆ ಅವನು ಹೊರಗಿನವನಲ್ಲ. ನಡೆದೇ ಹೋಗಬೇಕೆಂದಿದ್ದ. ಆದರೆ ಬೇಸಿಗೆಯಲ್ಲಿ ಕಣಕಿ ಬಣವಿಯ ಮೇಲಿಂದ ಬಿದ್ದು ಎಡಗಾಲಿನ ಹರಡು ಮುರಿದಿತ್ತು. ಆರು ವಾರ ಪ್ಲಾಸ್ಟರು. ಬಿಚ್ಚಿ ಹತ್ತು ದಿನವಾಗಿತ್ತು. ಅರವತ್ಮೂರರ ಅಪ್ಪ ರಾತ್ರಿಯಿಡೀ ಬಸ್ಸಿನಲ್ಲಿ ಮಂಡಿ ಮಡಚಿ, ಕಾಲಡಿ ಚೀಲ ಇಟ್ಟುಕೊಂಡು, ನಡುವೆ ಇಳಿಯಬೇಕಾದೀತೆಂದು ನೀರೂ ಕುಡಿಯದೆ ಬಂದಿದ್ದ.

ಮಧ್ಯಾಹ್ನ ಪಾಲಖಿ ನೋಡಲು ಹೋದೆವು. ಬಾರಾಮತಿಯ ಬೀದಿಗಳೆಲ್ಲ ಟಾಳದ ಸದ್ದು, ತಲೆಯ ಮೇಲೆ ತುಳಸಿ ಕಟ್ಟೆ ಹೊತ್ತ ಹೆಂಗಸರು, ಎಲ್ಲಿ ನೋಡಿದರೂ ಮಂಟಪ. ಒಂದರಲ್ಲಿ ಚಹಾ, ಒಂದರಲ್ಲಿ ಬಾಳೆಹಣ್ಣು, ಒಂದರಲ್ಲಿ ಹರಿದ ಚಪ್ಪಲಿ ಹೊಲಿದುಕೊಡುವವರು. ಒಂದು ಮಂಟಪದಲ್ಲಿ ಕಾಲೇಜು ಹುಡುಗ ಹುಡುಗಿಯರು ವಾರಕರಿಗಳ ಕಾಲು ತೊಳೆದು, ಎಣ್ಣೆ ಹಚ್ಚಿ ಒತ್ತುತ್ತಿದ್ದರು. ಉತ್ಸಾಹದ ಹುಡುಗನೊಬ್ಬ ಹೆಬ್ಬೆರಳು ಜೋರಾಗಿ ಊರಿದಾಗ ಮುದುಕ ವಾರಕರಿಯೊಬ್ಬರು ಕಣ್ಣು ಮುಚ್ಚಿಕೊಂಡೇ "ಹಳೂ, ಹಳೂ" ಎಂದರು. ಹುಡುಗನ ಕೈ ಮೆತ್ತಗಾಯಿತು.

ಅಪ್ಪ ಕುಂಟುವುದನ್ನು ನೋಡಿ ಒಬ್ಬ ಹುಡುಗಿ ಕರೆದಳು, "ಯಾ ಮಾವುಲಿ, ಬಸಾ." ಬನ್ನಿ, ಕೂತುಕೊಳ್ಳಿ. ಅಪ್ಪ ಕೈ ಮುಗಿದ. "ಬ್ಯಾಡವಾ. ಇದು ನಡದವರಿಗೆ. ನಾ ಬಸ್ಸಿನಾಗ ಕುಂತು ಬಂದೀನಿ" ಎಂದ. ಅವಳಿಗೆ ಕನ್ನಡ ತಿಳಿಯಲಿಲ್ಲ, ನಾನು ಮರಾಠಿಯಲ್ಲಿ ಹೇಳಿದೆ. ಅವಳು ನಕ್ಕು ಮುಂದಿನವರನ್ನು ಕರೆದಳು. ಆ ಸಂಕೋಚ ಎಷ್ಟು ದೊಡ್ಡ ಕೆಲಸ ಮಾಡಿತು ಎಂದು ನನಗೆ ತಿಳಿದದ್ದು ಎರಡು ತಾಸಿನ ನಂತರ.

ಕೋಣೆಗೆ ಬಂದ ಮೇಲೆ ಅಪ್ಪ ಗೋಡೆಗೊರಗಿ ಕೂತು ಎಡಗಾಲು ಚಾಚಿದ. "ಮೀನಖಂಡ ಹಿಡದದ ನೋಡು, ನಿನ್ನೆ ರಾತ್ರಿಯಿಂದ" ಎಂದ. ಮೂಲೆಯಲ್ಲಿದ್ದ ಉರುಳೆ ಕಣ್ಣಿಗೆ ಬಿತ್ತು. ಅದೇನೆಂದು ಕೇಳಿದ, ಹೇಳಿದೆ. "ಹಂಗಾರ ತಾ. ನೀವೆಲ್ಲಾ ತುಳಿಯೂದು ಬಿಟ್ಟು ಎಷ್ಟ ವರ್ಷ ಆತು" ಎಂದು ನಕ್ಕ.

ನನಗೆ ಎಷ್ಟು ಸಂತೋಷವಾಯಿತೆಂದರೆ, ಬೇರೇನೂ ಯೋಚನೆ ಬರಲಿಲ್ಲ. ಮೆತ್ತನೆಯ ಹೊಸ ಉರುಳೆ, ಸರಿಯಾದ ಭಾರ, ಎಲ್ಲವೂ ನನಗೆ ಈಗ ಗೊತ್ತು. ಅಪ್ಪನ ಮೀನಖಂಡದ ಕೆಳಗೆ ಉರುಳೆ ಸರಿಸಲು ಕಾಲು ಎತ್ತಿದೆ. ಅಂಗೈಗೆ ಕಾಲು ಬೆಚ್ಚಗೆ ತಾಗಿತು. ಧೋತರ ಮಂಡಿಯವರೆಗೆ ಸರಿಸಿ ನೋಡಿದೆ. ತೊಗಲು ಬಿಗಿದು ಮಿರುಗುತ್ತಿತ್ತು. ಹೆಬ್ಬೆರಳಿಂದ ಮೆಲ್ಲಗೆ ಒತ್ತಿದರೆ ಕುಣಿ ಬಿತ್ತು, ಬಿದ್ದ ಕುಣಿ ಹಾಗೇ ಉಳಿಯಿತು. ಬಲಗಾಲು ಮುಟ್ಟಿದೆ. ತಣ್ಣಗಿತ್ತು.

ಎರಡು ಭಾಗ ಒಂದೇ ಸಮ ಇಲ್ಲ ಅನ್ನಿಸಿದರೆ ಕಣ್ಣನ್ನು ನಂಬಬಾರದು, ಅಳೆಯಬೇಕು. ಅದು ನನ್ನ ಕೆಲಸದ ಮೊದಲ ಪಾಠ. ಬ್ಯಾಗಿನಲ್ಲಿ ಟೇಪು ಇತ್ತು. ಮಂಡಿಯ ಕೆಳಗಿನ ಎಲುಬಿನ ಉಬ್ಬಿನಿಂದ ಹತ್ತು ಸೆಂಟಿಮೀಟರ್ ಕೆಳಗೆ ಗುರುತು ಹಾಕಿ ಎರಡೂ ಕಾಲು ಸುತ್ತಿ ಅಳೆದೆ. ಬಲ 33. ಎಡ 37. ಮತ್ತೊಮ್ಮೆ ಅಳೆದೆ. ಅದೇ. ಮೂರಕ್ಕಿಂತ ಹೆಚ್ಚು ಸೆಂಟಿಮೀಟರ್ ವ್ಯತ್ಯಾಸ ಬಂದರೆ ಡಾಕ್ಟರುಗಳೂ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಅವರೂ ಅಳೆಯುವುದು ಅದೇ ಜಾಗದಲ್ಲಿ ಎಂದು ಆಮೇಲೆ ತಿಳಿಯಿತು. ಆಗ ಗೊತ್ತಿದ್ದದ್ದು ಮ್ಯಾಡಮ್ ಹೇಳಿದ ಒಂದು ಮಾತು ಮಾತ್ರ. ಫೋನು ಮಾಡಿದೆ. ಅವರು ಪೂರ್ತಿ ಕೇಳಲೂ ಇಲ್ಲ. "ಒತ್ತಬೇಡ. ಉರುಳೆ ದೂರ ಇಡು. ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗು."

"ಸುಮ್ನಿರು, ಏನೂ ಆಗಿಲ್ಲ" ಎಂದ ಅಪ್ಪ. "ಪಾಲಖಿ ದಿವಸ ದವಾಖಾನಿ ಯಾಕ?"

ಪಾಲಖಿಗಾಗಿ ರಸ್ತೆಗಳೆಲ್ಲ ಬಂದ್ ಆಗಿದ್ದವು. ಆಟೋ ಸಿಗಲಿಲ್ಲ. ಕಾಕೂ ಮಗ ಸ್ಕೂಟರಿನಲ್ಲಿ ಅಪ್ಪನನ್ನು ಕೂರಿಸಿಕೊಂಡ. ನಾನು ಮುಂದೆ ಓಡುತ್ತ "ಮಾವುಲಿ, ಜರಾ ವಾಟ ದ್ಯಾ, ಮಾವುಲಿ" ಎಂದು ದಾರಿ ಕೇಳುತ್ತ ಹೋದೆ. ಸಾವಿರಾರು ಜನ. ಯಾಕೆ ಎಂದು ಯಾರೂ ಕೇಳಲಿಲ್ಲ. ಟಾಳ ಹಿಡಿದ ಕೈಗಳು ಎರಡೂ ಕಡೆ ಸರಿದವು. ಓಟದ ತಯಾರಿ ನನಗೆ ಉಪಯೋಗಕ್ಕೆ ಬಂದದ್ದು ಅವತ್ತು.

ಡಾಪ್ಲರ್ ಸ್ಕ್ಯಾನಿನಲ್ಲಿ ಕಂಡಿತು. ಮಂಡಿಯ ಹಿಂದಿನ ದೊಡ್ಡ ರಕ್ತನಾಳದಲ್ಲಿ, ನಾವು ಚಿಕ್ಕವರಿದ್ದಾಗ ಕಾಲಿಡಬಾರದಾಗಿದ್ದ ಅದೇ ಕುಣಿಯಲ್ಲಿ, ರಕ್ತ ಹೆಪ್ಪುಗಟ್ಟಿತ್ತು. ಆರು ವಾರ ಅಲುಗಾಡದ ಕಾಲು, ಮೇಲೆ ರಾತ್ರಿಯಿಡೀ ಮಡಚಿ ಕೂತದ್ದು. ಡಾಕ್ಟರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಅಲ್ಲಿ ಒತ್ತಿ ಉಜ್ಜಿದರೆ ಹೆಪ್ಪಿನ ಚೂರು ಕಳಚಿಕೊಂಡು, ರಕ್ತದ ಜೊತೆ ಮೇಲೆ ಹೋಗಿ, ಹೃದಯ ದಾಟಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳಬಹುದು. ಇದ್ದಕ್ಕಿದ್ದಂತೆ ಉಸಿರು ಕಟ್ಟುತ್ತದೆ, ಎದೆ ನೋಯುತ್ತದೆ, ಜೀವವೇ ಹೋಗಬಹುದು. "ಯಾರಾದರೂ ಮಾಲೀಸು ಮಾಡಿದರಾ?" ಎಂದು ಕೇಳಿದರು. ಇಲ್ಲ ಎಂದೆ. ಹೇಳುವಾಗ ನನ್ನ ಕೈ ನಡುಗುತ್ತಿತ್ತು. ಉರುಳೆ ಮತ್ತು ಕಾಲಿನ ನಡುವೆ ಎಷ್ಟು ಅಂತರ ಉಳಿದಿತ್ತು ಎಂದು ನನಗೊಬ್ಬಳಿಗೇ ಗೊತ್ತು. ಸರಿಯಾದ ಭಾರ ಎಷ್ಟು ಎಂದು ಕಲಿತ ನಾನು, ಆ ಕಾಲಿಗೆ ಸರಿಯಾದ ಭಾರ ಸೊನ್ನೆ ಎಂಬುದನ್ನು ಮರೆತಿದ್ದೆ.

*

ರಕ್ತ ತೆಳುವಾಗಿಸುವ ಔಷಧ ಶುರುವಾಯಿತು. ಒಟ್ಟು ಮೂರು ತಿಂಗಳು. ಅಪ್ಪ ಎರಡು ವಾರ ನನ್ನ ಜೊತೆಗಿದ್ದ. ಕಾಟೇವಾಡಿಯ ಕುರಿಗಳನ್ನು ಕಾಕೂ ಮನೆಯ ಟಿವಿಯಲ್ಲಿ ನೋಡಿದ. ಆ ಔಷಧ ತೆಗೆದುಕೊಳ್ಳುವಾಗ ಸಣ್ಣ ಒತ್ತಡಕ್ಕೂ ತೊಗಲ ಕೆಳಗೆ ರಕ್ತ ಇಳಿಯುತ್ತದೆ, ಆದ್ದರಿಂದ ಮೈಯಲ್ಲಿ ಎಲ್ಲಿಯೂ ಉರುಳೆ ಬೇಡ, ಗಟ್ಟಿ ಮಾಲೀಸು ಬೇಡ ಎಂದಿದ್ದರು. ನಡೆಯಬಹುದು, ನಡೆಯಲೇಬೇಕು ಎಂದೂ ಹೇಳಿದ್ದರು. ದಿನಾ ಸಂಜೆ ಕಾಲುವೆ ದಂಡೆಯ ಮೇಲೆ ನಾನು ಅವನ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದೆ.

ನಿಮ್ಮಲ್ಲಿ ಹಲವರು ನನ್ನ ಹಾಗೆ ದಿನವಿಡೀ ನಿಲ್ಲುವವರು, ಇಲ್ಲವೇ ದಿನವಿಡೀ ಕೂರುವವರು. ರೋಲರ್ ಹಲವರ ಕೋಣೆಯಲ್ಲಿ ಇದ್ದೀತು. ನಾನು ಈಗ ಹೇಗೆ ಬಳಸುತ್ತೇನೆ ಎಂದು ಹೇಳಿಬಿಡುತ್ತೇನೆ. ಮೆತ್ತನೆಯದನ್ನು ಇಟ್ಟುಕೊಂಡಿದ್ದೇನೆ. ಗುಬಟಿನದು ಕಾಕೂ ಮನೆಯ ಬಾಗಿಲಿಗೆ ಒತ್ತಾಗಿದೆ. ತೊಡೆ ಹೆಚ್ಚು ನೊಂದ ದಿನ ಗೋಡೆಗೆ ಒರಗುತ್ತೇನೆ. ನೆಲದಲ್ಲಾದರೆ ಎರಡೂ ಕೈ ಊರಿ, ಇನ್ನೊಂದು ಕಾಲಿನ ಪಾದವನ್ನು ನೆಲಕ್ಕೆ ಹಾಕಿ ಭಾರ ಹಂಚುತ್ತೇನೆ. ಅವೇ ನನ್ನ ಕಂಬ. ಒಂದು ಸಲ ಆ ಕಡೆ ಉರುಳಲು ಎರಡರಿಂದ ನಾಲ್ಕು ಸೆಕೆಂಡು, ಒಂದು ಸ್ನಾಯುವಿಗೆ ಅರ್ಧ ನಿಮಿಷದಿಂದ ಎರಡು ನಿಮಿಷ, ಅಷ್ಟು ಸಾಕು. ಉರುಳುತ್ತ ಅವ್ವನಿಗೆ ಫೋನು ಮಾಡುತ್ತೇನೆ. ಮಾತು ತುಂಡಾದರೆ ಅವಳಿಗೇ ಗೊತ್ತಾಗುತ್ತದೆ. ಮರುದಿನ ಮುಟ್ಟಿದರೆ ನೋಯುವಂತಿದ್ದರೆ ಅಂದು ಉರುಳುವುದಿಲ್ಲ.

ಊರಿನಿಂದ ಬಂದ ಅಪ್ಪ ಅವ್ವನ ಕಾಲಿಗೆ ಪ್ರೀತಿಯಿಂದ ಉರುಳೆ ತೆಗೆಯುವ ಮುಂಚೆ ಮಾತ್ರ ಒಂದು ಕ್ಷಣ ನಿಲ್ಲಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮುಗಟ್ಟಿದವರಿಗೆ ನೋವು ತಿಳಿಯುವುದಿಲ್ಲ, ಅವರು ಹೇಳುವ ಅಂಕೆಯನ್ನು ನಂಬುವಂತಿಲ್ಲ. ಉಬ್ಬಿದ ನೀಲಿ ನರದ ಮೇಲೆ, ಗಾಯದ ಮೇಲೆ, ಹೊಸದಾಗಿ ಮುರಿದು ಕೂಡಿದ ಎಲುಬಿನ ಮೇಲೆ, ಎಲುಬು ಸವೆದವರ ಬೆನ್ನ ಮೇಲೆ ಡಾಕ್ಟರನ್ನು ಕೇಳದೆ ಬೇಡ. ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಾರೆಯೇ ಎಂದು ಕೇಳಿ. ಎರಡೂ ಕಾಲು ಮುಟ್ಟಿ ನೋಡಿ. ಒಂದೇ ಬೆಚ್ಚಗಿದ್ದರೆ, ಒಂದೇ ಬಾತಿದ್ದರೆ, ಟೇಪು ಹುಡುಕುತ್ತಲೂ ಕೂರಬೇಡಿ.

ದೀಪಾವಳಿಗೆ ಊರಿಗೆ ಹೋದೆ. ಮೂರು ತಿಂಗಳು ಮುಗಿದು, ಮತ್ತೊಂದು ಸ್ಕ್ಯಾನಾಗಿ, ಗುಳಿಗೆ ನಿಂತಿತ್ತು. ಹಗುರವಾಗಿ ಕೈಯಾಡಿಸಬಹುದು ಎಂದು ಡಾಕ್ಟರು ಹೇಳಿದ್ದರು. ಸಂಜೆ ಅಪ್ಪ ಜಮಖಾನೆ ಹಾಸಿದ. ಕಂಬದ ಪಕ್ಕದಲ್ಲೇ.

"ಈಗ ಎಷ್ಟ ಭಾರ ಅದೀ?" ಎಂದ.

"ಐವತ್ತೆಂಟು."

"ಹಂಗಾರ ತುಳಿಯೂದು ಬ್ಯಾಡ. ಕೈಲೆ ಒತ್ತು" ಎಂದು ಬೋರಲು ಮಲಗಿದ.

ಅಮ್ಮ ಈಗಿಲ್ಲ. ಇನ್ನ ಸಾಕು ಎನ್ನುವವರು ಯಾರೂ ಇರಲಿಲ್ಲ. ಹದಿನೆಂಟು ವರ್ಷದ ಮೇಲೆ ಅಪ್ಪನ ಬೆನ್ನಿಗೆ ಎಣ್ಣೆ ಹಚ್ಚಿ ಕೈ ಇಟ್ಟೆ. ಪೈಲ್ವಾನನ ಬೆನ್ನು ಕರಗಿತ್ತು, ಪಕ್ಕೆಲುಬುಗಳು ಬೆರಳಿಗೆ ಎಣಿಸಲು ಸಿಗುತ್ತಿದ್ದವು. ಎಷ್ಟು ಒತ್ತಬೇಕು ಎಂದು ಕೇಳಿದೆ. ಉತ್ತರ ಕೊಡಲಿಲ್ಲ, ಈ ಸಲ ತೊಗರಿ ಹೂವು ಚೆನ್ನಾಗಿ ಕಟ್ಟಿದೆ ಎಂದು ಹೇಳತೊಡಗಿದ. ಪಕ್ಕದ ಹೊಲದವರು ಬೋರು ಕೊರೆಸಿದ ಕಥೆ ಬಂತು. ಆಮೇಲೆ ಮೋಡದ ಕಥೆ. ಮಾತು ನಡುವೆ ಒಮ್ಮೆ ನಿಂತಿತು. ನಾನು ಕೈ ಹಗುರ ಮಾಡಿದೆ.

ಮಾತು ಮತ್ತೆ ಶುರುವಾಯಿತು.